ಕಡಲತೀರದ ಸಂನ್ಯಾಸಿ

ಜೋಯಿಡಾದ ಕಾಡುಗಳಲ್ಲಿ ಹುಟ್ಟಿದ ಕಾಳೀನದಿ ಬೆಟ್ಟಗಳ ನಡುವೆ ದಾರಿ ಮಾಡಿಕೊಂಡು ಬಂದು ಕಾರವಾರದ ಬಳಿ ಕಡಲನ್ನು ಸೇರುತ್ತದೆ. ಅಳಿವೆಯ ಒಂದು ಬದಿಗೆ ಸದಾಶಿವಗಡದ ಗುಡ್ಡ. ಇನ್ನೊಂದು ಬದಿಗೆ ಅರ್ಧಚಂದ್ರಾಕಾರವಾಗಿ ಬಾಗಿದ ಮರಳಿನ ದಂಡೆ. ಕಡಲಿನಲ್ಲಿ ಅಲ್ಲಲ್ಲಿ ಪುಟ್ಟ ದ್ವೀಪಗಳು ತಲೆಯೆತ್ತಿ ನಿಂತಿವೆ. ಸಂಜೆಯ ಹೊತ್ತಿನಲ್ಲಿ ಈ ದಂಡೆಯ ಮೇಲೆ ನಿಂತವನಿಗೆ ತಾನು ಲೋಕದಿಂದ ಬೇರೆಯಾದವನೆಂದು ಎಣಿಸುವುದು ಕಷ್ಟ. ಅಲೆ ಬಂದು ಪಾದವನ್ನು ಮುಟ್ಟುತ್ತದೆ. ಗಾಳಿ ಬಂದು ಮೈಯನ್ನು ಸವರುತ್ತದೆ. ದೂರದಲ್ಲಿ ದೋಣಿಯ ಜನ ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಾರೆ.

ಇಂದು ಈ ತೀರಕ್ಕೆ ಒಬ್ಬ ಕವಿಯ ಹೆಸರಿದೆ. ಆತ ರವೀಂದ್ರನಾಥ ಠಾಕೂರ. 1883ರಲ್ಲಿ ಆತ ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೆರಡು ವರ್ಷ. ವಿಶ್ವಕವಿ ಎಂಬ ಕೀರ್ತಿ ಇನ್ನೂ ಬಹು ದೂರದಲ್ಲಿತ್ತು. ನೊಬೆಲ್ ಪಾರಿತೋಷಕ ದೊರೆಯಲು ಇನ್ನೂ ಮೂವತ್ತು ವರ್ಷಗಳು ಕಳೆಯಬೇಕಾಗಿತ್ತು. ಅವರ ಅಣ್ಣ ಸತ್ಯೇಂದ್ರನಾಥ ಠಾಕೂರರು ಐ.ಸಿ.ಎಸ್. ಹುದ್ದೆಗೆ ಸೇರಿದ ಮೊದಲ ಭಾರತೀಯರು. ಆಗ ಕಾರವಾರವು ಮುಂಬಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡ ಜಿಲ್ಲೆಯ ಮುಖ್ಯ ಪಟ್ಟಣವಾಗಿತ್ತು. ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದರು. ಅಣ್ಣನ ಮನೆಯಲ್ಲಿ ಕೆಲವು ಕಾಲ ಇರಲೆಂದು ತಮ್ಮ ಬಂದಿದ್ದರು.

ಒಂದು ಬೆಳದಿಂಗಳ ರಾತ್ರಿ ಅವರೆಲ್ಲರೂ ಸಣ್ಣ ದೋಣಿಯೊಂದರಲ್ಲಿ ಕಾಳೀನದಿಯ ಮೇಲೆ ವಿಹಾರ ಹೊರಟರು. ಶಿವಾಜಿಯ ಹೆಸರಿನೊಡನೆ ಸೇರಿಬಂದ ಹಳೆಯ ಕೋಟೆಯೊಂದರ ಬಳಿ ದೋಣಿ ನಿಂತಿತು. ದಡಕ್ಕಿಳಿದು, ಗುಡಿಸಿ ಸಾರಿಸಿದ ರೈತನೊಬ್ಬನ ಅಂಗಳದಲ್ಲಿ ಕುಳಿತು ಊಟ ಮಾಡಿದರು. ಹಿಂದಿರುಗುವಾಗ ದೋಣಿಯನ್ನು ಹೊಳೆಯ ಹರಿವಿಗೇ ಬಿಟ್ಟುಕೊಟ್ಟರು. ಅಳಿವೆಯನ್ನು ಮುಟ್ಟುವ ಹೊತ್ತಿಗೆ ಬಹಳ ರಾತ್ರಿಯಾಗಿತ್ತು. ಅಲ್ಲಿ ದೋಣಿಯನ್ನು ಬಿಟ್ಟು, ಮರಳಿನ ಮೇಲೆ ನಡೆಯುತ್ತಲೇ ಮನೆ ಸೇರಿದರು. ಅಲೆಯ ಸದ್ದು ಕೂಡ ಅಡಗಿದ ಆ ನಿಶ್ಶಬ್ದವನ್ನು, ಮರಳಿನ ಮೇಲೆ ಬಿದ್ದ ಗಾಳಿಮರಗಳ ಅಲುಗದ ನೆರಳನ್ನು ಕವಿ ಜೀವನಪರ್ಯಂತ ಮರೆಯಲಿಲ್ಲ. ಸುಮಾರು ಮೂವತ್ತು ವರ್ಷಗಳ ಬಳಿಕ ಬರೆದ ‘ಜೀವನಸ್ಮೃತಿ’ಯಲ್ಲಿ ಆ ರಾತ್ರಿಗೆ ಒಂದು ಸ್ಥಾನ ದೊರೆಯಿತು.

ಇಂಥ ತೆರೆದ ಬಯಲಿನ ಊರಿನಲ್ಲಿ ಕುಳಿತು ಆ ತರುಣ ಕವಿ ಒಂದು ನಾಟಕವನ್ನು ಬರೆದರು. ಅದರ ಹೆಸರು ‘ಪ್ರಕೃತಿರ್ ಪ್ರತಿಶೋಧ’, ಎಂದರೆ ‘ಪ್ರಕೃತಿಯ ಪ್ರತೀಕಾರ’. ಅದು 1884ರಲ್ಲಿ ಅಚ್ಚಾಯಿತು. ಆಶ್ಚರ್ಯದ ಸಂಗತಿಯೆಂದರೆ, ಕಡಲು, ನದಿ, ಬೆಳದಿಂಗಳುಗಳ ನಡುವೆ ಹುಟ್ಟಿದ ಈ ನಾಟಕ ಕತ್ತಲೆಯ ಗುಹೆಯೊಂದರಲ್ಲಿ ಆರಂಭವಾಗುತ್ತದೆ.

ಗುಹೆಯಲ್ಲಿ ಒಬ್ಬ ಸಂನ್ಯಾಸಿ ಇದ್ದಾನೆ. ಬಹುಕಾಲದ ಕಠಿನ ಸಾಧನೆಯಿಂದ ಅವನು ತನ್ನೊಳಗಿನ ಆಸೆ, ಪ್ರೀತಿ, ಭಯ, ಕರುಣೆಗಳನ್ನು ಒಂದೊಂದಾಗಿ ಕಿತ್ತೊಗೆದಿದ್ದಾನೆ. ಹಗಲು ರಾತ್ರಿಗಳು ಅವನಿಗೆ ಇಲ್ಲ, ಋತುಗಳು ಇಲ್ಲ, ಬಂಧುಗಳು ಇಲ್ಲ. ತನ್ನನ್ನು ಇಷ್ಟು ದಿನ ದಾಸನನ್ನಾಗಿ ಮಾಡಿಕೊಂಡಿದ್ದ ಪ್ರಕೃತಿಯನ್ನು ತಾನು ಗೆದ್ದೆನೆಂದು ಅವನು ಹಿಗ್ಗುತ್ತಾನೆ. ಆ ಗೆಲುವನ್ನು ಪರೀಕ್ಷಿಸಲೆಂದೇ ಗುಹೆಯಿಂದ ಹೊರಬಂದು, ಜನ ಓಡಾಡುವ ದಾರಿಯ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ.

ದಾರಿಯಲ್ಲಿ ಲೋಕ ಹರಿಯುತ್ತಿದೆ. ಹಳ್ಳಿಯ ಜನ ತಮ್ಮ ತಮ್ಮ ಮಾತಿನಲ್ಲಿ ಮುಳುಗಿ ಸಾಗುತ್ತಾರೆ. ಸ್ಥೂಲ ದೊಡ್ಡದೋ ಸೂಕ್ಷ್ಮ ದೊಡ್ಡದೋ ಎಂದು ಪಂಡಿತರು ವಾದಿಸುತ್ತಾರೆ. ಹೂವು ಮಾರುವವರು ಬರುತ್ತಾರೆ. ಸಂನ್ಯಾಸಿಯ ಕಣ್ಣಿಗೆ ಇವರೆಲ್ಲರೂ ಹುಳುಗಳಂತೆ ಅಲ್ಪರು. ಅವರನ್ನು ನೋಡಿ ಅವನಿಗೆ ನಗು ಬರುತ್ತದೆ, ಕನಿಕರ ಬರುವುದಿಲ್ಲ. ಆಗ ಅಲ್ಲಿಗೆ ಒಬ್ಬ ಬಾಲಕಿ ಬರುತ್ತಾಳೆ. ಜನರು ದೂರವಿಟ್ಟಿದ್ದ ರಘು ಎಂಬಾತನ ಮಗಳು, ಈಗ ಅನಾಥೆ. ದಾರಿಹೋಕರು ಮುಟ್ಟಬೇಡವೆಂದು ಗದರಿಸಿ ಸರಿದುಹೋಗುತ್ತಾರೆ. ಆಕೆ ಸಂನ್ಯಾಸಿಯ ಬಳಿಗೆ ಅಂಜುತ್ತಾ ಬರುತ್ತಾಳೆ. ಅವನು ಆಕೆಯನ್ನು ಅಟ್ಟುವುದಿಲ್ಲ. ಶುದ್ಧ, ಅಶುದ್ಧ ಎಂಬ ಭೇದ ತನಗಿಲ್ಲವೆಂದು ಹೇಳುತ್ತಾನೆ.

ಈ ಮಾತನ್ನು ತುಸು ನಿಂತು ಯೋಚಿಸಬೇಕು. ಊರೆಲ್ಲ ತಳ್ಳಿದ ಮಗುವನ್ನು ಅವನೊಬ್ಬನೇ ಹತ್ತಿರ ಕರೆದನು. ಆದರೆ ಕರೆದುದು ಪ್ರೀತಿಯಿಂದಲ್ಲ, ಉದಾಸೀನದಿಂದ. ಎಲ್ಲರೂ ಅವನಿಗೆ ಸಮಾನರು, ಏಕೆಂದರೆ ಯಾರೂ ಅವನಿಗೆ ಬೇಕಾದವರಲ್ಲ. ಬಾಲಕಿಗೆ ಈ ವ್ಯತ್ಯಾಸ ತಿಳಿಯದು. ತನ್ನನ್ನು ದೂರ ತಳ್ಳದ ಮೊದಲ ಮನುಷ್ಯನನ್ನು ಆಕೆ ತಂದೆಯೆಂದು ಕರೆಯುತ್ತಾಳೆ.

ಆ ಒಂದು ಕರೆಯಿಂದ ಗುಹೆಯ ಗೋಡೆ ಬಿರುಕು ಬಿಡುತ್ತದೆ. ಆಕೆಯ ನಿದ್ದೆ, ಆಕೆಯ ಮಾತು, ಆಕೆಯ ನಂಬಿಕೆ ಅವನ ಎದೆಯೊಳಗೆ ಸತ್ತುಹೋಯಿತೆಂದು ತಿಳಿದಿದ್ದ ಏನನ್ನೋ ಎಬ್ಬಿಸುತ್ತವೆ. ಅದು ವಾತ್ಸಲ್ಯವೆಂದು ಗುರುತಿಸಿದೊಡನೆ ಅವನು ಬೆಚ್ಚಿಬೀಳುತ್ತಾನೆ. ಇದು ಪ್ರಕೃತಿ ಒಡ್ಡಿದ ಬಲೆ, ತನ್ನ ವ್ರತವನ್ನು ಕೆಡಿಸಲು ಬಂದ ಮಾಯೆ ಎಂದು ಕ್ರುದ್ಧನಾಗುತ್ತಾನೆ. ಒಮ್ಮೆ ಮೃದುವಾಗುತ್ತಾನೆ, ಮರುಕ್ಷಣ ಕಠಿನನಾಗುತ್ತಾನೆ. ಒಮ್ಮೆ ಬಳಿಗೆ ಕರೆಯುತ್ತಾನೆ, ಒಮ್ಮೆ ಸಿಡಿದು ದೂರ ಹೋಗುತ್ತಾನೆ. ಕೊನೆಗೆ ಆ ಮಗುವನ್ನು ತೊರೆದು ಓಡಿಹೋಗುತ್ತಾನೆ. ಎಲ್ಲಿಗೆ ಹೋದರೂ ಆ ಮುಖದ ನೆನಪು ಅವನನ್ನು ಬಿಡುವುದಿಲ್ಲ. ಆಗ ಅವನಿಗೆ ಅರಿವು ಮೂಡುತ್ತದೆ. ದಂಡ ಕಮಂಡಲುಗಳನ್ನು ಮುರಿದೆಸೆದು, ವ್ರತವನ್ನು ತೊರೆದು, ಮಗಳನ್ನು ಹುಡುಕಿಕೊಂಡು ಹಿಂದಿರುಗುತ್ತಾನೆ. ಆದರೆ ಅಷ್ಟರಲ್ಲಿ ಆಕೆ ತೀರಿಹೋಗಿರುತ್ತಾಳೆ.

ನಾಟಕ ಇಲ್ಲಿಗೆ ಮುಗಿಯುತ್ತದೆ. ಕಥೆ ಸಣ್ಣದು, ಆದರೆ ಅದು ಎತ್ತುವ ಪ್ರಶ್ನೆ ಸಣ್ಣದಲ್ಲ. ಈ ಸಂನ್ಯಾಸಿಗೆ ಬುದ್ಧಿ ಕೆಟ್ಟಿತ್ತೇ? ಕೆಟ್ಟಿದ್ದರೆ ಅದು ಯಾವಾಗ? ಮಗುವಿಗಾಗಿ ಹಂಬಲಿಸಿ, ದಂಡವನ್ನು ಮುರಿದು ಓಡಿದಾಗಲೇ? ಅಥವಾ ಗುಹೆಯಲ್ಲಿ ಕುಳಿತು, ನನಗೆ ಯಾರೂ ಬೇಡವೆಂದು ಶಾಂತವಾಗಿ ಹೇಳಿಕೊಳ್ಳುತ್ತಿದ್ದಾಗಲೇ?

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ರುದ್ರನಾಟಕದ ಲೋಕವನ್ನು ಸ್ವಲ್ಪ ಸುತ್ತಿ ಬರಬೇಕು. ದೊಡ್ಡ ಮನುಷ್ಯನೊಬ್ಬನ ಪತನವನ್ನು ಚಿತ್ರಿಸಿ, ನೋಡುವವರಲ್ಲಿ ಕರುಣೆಯನ್ನೂ ಭಯವನ್ನೂ ಉಂಟುಮಾಡುವ ನಾಟಕವೇ ರುದ್ರನಾಟಕ. ಅದರ ನಾಯಕ ಪೂರ್ಣ ಸಜ್ಜನನೂ ಅಲ್ಲ, ಪೂರ್ಣ ದುರ್ಜನನೂ ಅಲ್ಲ. ಯಾವುದೋ ಒಂದು ದೊಡ್ಡ ತಪ್ಪಿನಿಂದ ಕೆಳಗೆ ಬೀಳುವವನು ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಹೇಳಿದನು. ಇಂಥ ನಾಯಕರಲ್ಲಿ ಕೆಲವರು ಬೀಳುವಾಗ ಬುದ್ಧಿಯ ಹತೋಟಿಯನ್ನೂ ಕಳೆದುಕೊಳ್ಳುತ್ತಾರೆ. ಮನಸ್ಸಿನ ಒಳಗೆ ನಡೆಯುವ ಈ ಕುಸಿತವನ್ನು ರಂಗದ ಮೇಲೆ ಕಣ್ಣಿಗೆ ತೋರಿಸುವುದು ಹೇಗೆ? ಅದಕ್ಕಾಗಿಯೇ ನಾಟಕಕಾರರು ಸಂಕೇತಗಳನ್ನು ಬಳಸಿದರು. ಒಂದು ವಸ್ತು ತಾನು ತಾನಾಗಿದ್ದುಕೊಂಡೇ ತನಗಿಂತ ದೊಡ್ಡದಾದ ಇನ್ನೊಂದನ್ನು ನೆನಪಿಗೆ ತಂದರೆ ಅದು ಸಂಕೇತವಾಗುತ್ತದೆ. ಗುಹೆ ಕಲ್ಲಿನ ಗುಹೆಯೂ ಹೌದು, ಮುಚ್ಚಿದ ಮನಸ್ಸೂ ಹೌದು.

ಸುಮಾರು ಎರಡು ಸಾವಿರದ ನಾಲ್ಕುನೂರು ವರ್ಷಗಳ ಹಿಂದೆ ಅಥೆನ್ಸ್ ನಗರದಲ್ಲಿದ್ದ ಸೋಫೋಕ್ಲೀಸ್ ಎಂಬ ನಾಟಕಕಾರ ‘ಏಜಾಕ್ಸ್’ ಎಂಬ ರುದ್ರನಾಟಕವನ್ನು ಬರೆದನು. ಏಜಾಕ್ಸ್ ಟ್ರಾಯ್ ಯುದ್ಧದ ಮಹಾವೀರ. ವೀರಾಗ್ರಣಿ ಅಖಿಲೀಸ್ ಮಡಿದ ಮೇಲೆ ಅವನ ಆಯುಧಗಳು ತನಗೇ ಸಲ್ಲಬೇಕೆಂದು ಏಜಾಕ್ಸ್ ಎಣಿಸಿದ್ದನು. ಅವು ಚತುರನಾದ ಒಡಿಸ್ಯೂಸನಿಗೆ ಸಂದವು. ಅವಮಾನದಿಂದ ಉರಿದ ಏಜಾಕ್ಸ್ ತನ್ನವರನ್ನೇ ಕೊಲ್ಲಲೆಂದು ರಾತ್ರಿ ಖಡ್ಗ ಹಿಡಿದು ಹೊರಟನು. ಅಥೀನಾ ದೇವಿ ಅವನ ಕಣ್ಣಿಗೆ ಭ್ರಮೆಯನ್ನು ಕವಿಸಿದಳು. ಅವನು ದನಗಳ ಮಂದೆಯ ಮೇಲೆ ಬಿದ್ದು, ಅವನ್ನೇ ಶತ್ರುಗಳೆಂದು ತಿಳಿದು ಕಡಿದನು. ಟಗರೊಂದನ್ನು ಒಡಿಸ್ಯೂಸನೆಂದು ಭಾವಿಸಿ ಕಟ್ಟಿ ಹೊಡೆದನು. ಬೆಳಗಾಗಿ ಭ್ರಮೆ ಇಳಿದಾಗ, ಸುತ್ತ ಬಿದ್ದಿದ್ದ ಮೂಕ ಪ್ರಾಣಿಗಳ ನಡುವೆ ಕುಳಿತಿದ್ದ ತನ್ನನ್ನು ತಾನು ಕಂಡನು. ಆ ನಾಚಿಕೆಯನ್ನು ಅವನಿಂದ ತಾಳಲಾಗಲಿಲ್ಲ.

ಆ ನಾಟಕದಲ್ಲಿ ಮರೆಯಲಾಗದ ದೃಶ್ಯವೊಂದಿದೆ. ಏಜಾಕ್ಸ್ ತನ್ನ ಪುಟ್ಟ ಮಗನನ್ನು ತರಿಸಿಕೊಳ್ಳುತ್ತಾನೆ. ರಕ್ತ ಚೆಲ್ಲಿದ ಆ ಬಿಡಾರದಲ್ಲಿ ಮಗುವಿಗೆ ತನ್ನ ದೊಡ್ಡ ಗುರಾಣಿಯನ್ನು ಕೊಡುತ್ತಾನೆ. ಅವನ ಇಡೀ ಬದುಕು ಆ ಗುರಾಣಿಯಲ್ಲಿದೆ. ಎಲ್ಲರನ್ನೂ ಕಾಯುತ್ತಿದ್ದ ವೀರ ಈಗ ತನ್ನ ಮಗುವನ್ನೇ ಕಾಯಲಾರ. ಕಾಯುವ ಕೆಲಸವನ್ನು ಗುರಾಣಿಗೆ ವಹಿಸಿ ಹೊರಡುತ್ತಾನೆ. ಅವನ ಬಾಳನ್ನು ಕೊನೆಗಾಣಿಸುವುದು ಹಿಂದೆ ಶತ್ರುವಾದ ಹೆಕ್ಟರ್ ಕೊಟ್ಟಿದ್ದ ಖಡ್ಗ. ಒಂದು ಗುರಾಣಿ, ಒಂದು ಖಡ್ಗ: ಇವೆರಡರಲ್ಲಿ ನಾಟಕದ ಅರ್ಥವೆಲ್ಲ ಅಡಗಿದೆ. ಕನ್ನಡಕ್ಕೆ ರುದ್ರನಾಟಕದ ದಾರಿ ತೋರಿದ ಬಿ.ಎಂ. ಶ್ರೀಕಂಠಯ್ಯನವರು ಈ ನಾಟಕವನ್ನು ಆಧರಿಸಿಯೇ 1929ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ರಚಿಸಿದರು. ಗ್ರೀಕ್ ವೀರನ ಸ್ಥಾನದಲ್ಲಿ ನಿಲ್ಲಬಲ್ಲ ವೀರ ನಮ್ಮ ಮಹಾಭಾರತದಲ್ಲಿಯೇ ಇದ್ದಾನೆಂಬುದನ್ನು ಅವರು ಕಂಡುಕೊಂಡರು.

ಇನ್ನು ಇಂಗ್ಲೆಂಡಿನ ಷೇಕ್ಸ್‌ಪಿಯರ್ ಕವಿಯ ‘ಲಿಯರ್ ಮಹಾರಾಜ’ನ ಕಥೆ. ಮುದಿ ರಾಜನಾದ ಲಿಯರ್ ತನ್ನ ರಾಜ್ಯವನ್ನು ಮೂವರು ಹೆಣ್ಣುಮಕ್ಕಳಿಗೆ ಹಂಚಲು ನಿಶ್ಚಯಿಸುತ್ತಾನೆ. ಹಂಚುವ ಮೊದಲು, ತನ್ನ ಮೇಲೆ ಯಾರಿಗೆ ಎಷ್ಟು ಪ್ರೀತಿಯೆಂದು ಕೇಳುತ್ತಾನೆ. ಹಿರಿಯರಿಬ್ಬರು ಬಾಯ್ತುಂಬ ಹೊಗಳುತ್ತಾರೆ. ಕಿರಿಯವಳಾದ ಕಾರ್ಡೀಲಿಯಾ, ಮಗಳಾಗಿ ಎಷ್ಟು ಪ್ರೀತಿಸಬೇಕೋ ಅಷ್ಟು ಪ್ರೀತಿಸುತ್ತೇನೆಂಬ ಸರಳವಾದ ಮಾತನ್ನಷ್ಟೇ ಆಡುತ್ತಾಳೆ. ಪ್ರೀತಿಯನ್ನು ತೂಕ ಹಾಕಲು ಹೊರಟ ರಾಜನಿಗೆ ಆ ಮಾತು ಸಾಲದು. ಆಕೆಯನ್ನು ಮಗಳೇ ಅಲ್ಲವೆಂದು ಹೊರಗಟ್ಟುತ್ತಾನೆ. ಆ ಕ್ಷಣದಲ್ಲಿ ಅವನ ತಲೆಯ ಮೇಲೆ ಕಿರೀಟವಿದೆ, ಮಾತಿನಲ್ಲಿ ಅಧಿಕಾರವಿದೆ. ಅವನಿಗೆ ಹುಚ್ಚು ಹಿಡಿದಿದೆಯೆಂದು ವೈದ್ಯರು ಯಾರೂ ಹೇಳಲಾರರು.

ಮುಂದೆ ಹಿರಿಯ ಮಕ್ಕಳಿಬ್ಬರೂ ಬಾಗಿಲು ಮುಚ್ಚಿಕೊಂಡಾಗ ಲಿಯರ್ ಗುಡುಗು ಸಿಡಿಲುಗಳ ರಾತ್ರಿಯಲ್ಲಿ ಬಯಲಿಗೆ ಬೀಳುತ್ತಾನೆ. ಹೊರಗಿನ ಬಿರುಗಾಳಿ ಅವನ ಒಳಗಿನ ಬಿರುಗಾಳಿಯ ಸಂಕೇತ. ಅವನು ಮಳೆಯೊಡನೆ ಮಾತನಾಡುತ್ತಾನೆ, ಉಡುಪನ್ನು ಕಿತ್ತು ಹಾಕಲು ಹವಣಿಸುತ್ತಾನೆ; ಮುಂದೆ ಕಾಡುಹೂಗಳನ್ನು ಕಿರೀಟದಂತೆ ಮುಡಿದು ತಿರುಗುತ್ತಾನೆ. ಲೋಕದ ದೃಷ್ಟಿಯಲ್ಲಿ ಅವನು ಈಗ ಹುಚ್ಚ. ಆದರೆ ಈ ಹುಚ್ಚಿನ ರಾತ್ರಿಯಲ್ಲಿಯೇ ಅವನಿಗೆ ಮೊದಲ ಸಲ ಇನ್ನೊಬ್ಬರ ಚಳಿ ತಿಳಿಯುತ್ತದೆ. ತನ್ನ ರಾಜ್ಯದಲ್ಲಿ ಮನೆಮಾರಿಲ್ಲದೆ ಮಳೆಯಲ್ಲಿ ನೆನೆಯುವ ಬಡವರ ಬಗೆಗೆ ತಾನು ಇಷ್ಟು ದಿನ ಯೋಚಿಸಲೇ ಇಲ್ಲವಲ್ಲ ಎಂದು ಮರುಗುತ್ತಾನೆ. ಕಿರೀಟವಿದ್ದಾಗ ಕಾಣದಿದ್ದುದು ಕಿರೀಟ ಬಿದ್ದ ಮೇಲೆ ಕಂಡಿತು. ಕೊನೆಗೆ ಕಾರ್ಡೀಲಿಯಾಳನ್ನು ಗುರುತಿಸಿ ಕ್ಷಮೆ ಬೇಡುತ್ತಾನೆ. ಆದರೆ ತಂದೆಯನ್ನು ಉಳಿಸಲು ಬಂದ ಮಗಳು ಶತ್ರುಗಳ ಸೆರೆಯಲ್ಲಿ ಕೊಲೆಯಾಗುತ್ತಾಳೆ. ಆಕೆಯ ಶವವನ್ನು ತೋಳಿನಲ್ಲಿ ಹೊತ್ತು ಬಂದ ಮುದುಕ ಅಲ್ಲಿಯೇ ಪ್ರಾಣ ಬಿಡುತ್ತಾನೆ.

ಅಥೆನ್ಸ್ ಮತ್ತು ಇಂಗ್ಲೆಂಡುಗಳ ರಂಗಭೂಮಿ ದೂರವಾಯಿತೆಂದು ಅನಿಸಿದರೆ ಮತ್ತೆ ನಮ್ಮ ಕರಾವಳಿಗೇ ಬರಬಹುದು. ಕಾರವಾರದಿಂದ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ ಅಂಕೋಲಾ ಇದೆ. ಉತ್ತರ ಕನ್ನಡದ ಇತರ ಕರಾವಳಿ ತಾಲ್ಲೂಕುಗಳಂತೆ ಇದೂ ಬಡಗುತಿಟ್ಟಿನ ಯಕ್ಷಗಾನ ಬಲ್ಲ ನಾಡು. ದೀಪಾವಳಿ ಕಳೆದು ಗದ್ದೆಯ ಕೊಯಿಲು ಮುಗಿದ ಮೇಲೆ ಆಟದ ಕಾಲ ಬರುತ್ತದೆ. ಮಳೆ ಹಿಡಿಯುವವರೆಗೂ ನಡೆಯುತ್ತದೆ. ರಾತ್ರಿಯಿಡೀ ಕುಳಿತು, ಬೆಳಗಿನ ಜಾವ ಕಣ್ಣುಜ್ಜಿಕೊಳ್ಳುತ್ತ ಮನೆಗೆ ಹೋಗುವುದು ಹಿಂದಿನಿಂದ ಬಂದ ಪದ್ಧತಿ. ಓದು ಬರಹ ಬಾರದ ಹಿರಿಯರು ಕೂಡ ಭಾಗವತನ ಪದ, ಮದ್ದಳೆ ಚಂಡೆಗಳ ನುಡಿತ ಮತ್ತು ವೇಷಧಾರಿಯ ಅರ್ಥಗಾರಿಕೆಯಿಂದಲೇ ಮಹಾಭಾರತವನ್ನು ಬಲ್ಲವರಾದರು. ಅರ್ಥಧಾರಿಯ ಮಾತು ಬರೆದಿಟ್ಟುದಲ್ಲ. ರಂಗದ ಮೇಲೆಯೇ ಹುಟ್ಟುವಂಥದು. ಆದ್ದರಿಂದ ಒಂದು ರಾತ್ರಿಯ ದುರ್ಯೋಧನನಂತೆ ಇನ್ನೊಂದು ರಾತ್ರಿಯ ದುರ್ಯೋಧನ ಇರುವುದಿಲ್ಲ.

‘ಗದಾಯುದ್ಧ’ ಇಂಥ ರಂಗಸ್ಥಳಗಳ ಬಹು ಪರಿಚಿತ ಪ್ರಸಂಗ. ಯುದ್ಧದ ಹದಿನೆಂಟನೆಯ ದಿನ. ಹನ್ನೊಂದು ಅಕ್ಷೋಹಿಣಿಯ ಒಡೆಯ ಒಂಟಿಯಾಗಿದ್ದಾನೆ. ಹತ್ತನೆಯ ಶತಮಾನದ ಕೊನೆಯಲ್ಲಿದ್ದ ಕವಿ ರನ್ನನು ಈ ವಸ್ತುವನ್ನು ಆರಿಸಿಕೊಂಡು ತನ್ನ ‘ಗದಾಯುದ್ಧ’ ಕಾವ್ಯವನ್ನು ರಚಿಸಿದನು. ಅದರಲ್ಲಿ ದುರ್ಯೋಧನ ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆಯುತ್ತಾನೆ. ಗುರು ದ್ರೋಣನನ್ನು ಕಾಣುತ್ತಾನೆ. ಮಗ ಲಕ್ಷಣಕುಮಾರನನ್ನು ಕಾಣುತ್ತಾನೆ. ತಮ್ಮ ದುಶ್ಶಾಸನನನ್ನು ಕಾಣುತ್ತಾನೆ. ಪ್ರಾಣಮಿತ್ರ ಕರ್ಣನನ್ನು ಕಾಣುತ್ತಾನೆ. ಮಾತನಾಡದ ಕರ್ಣನೊಡನೆ, ಏಕೆ ಮಾತನಾಡುವುದಿಲ್ಲವೆಂದು ಕೇಳುತ್ತಾನೆ. ಶೋಕ ಅವನನ್ನು ಉನ್ಮಾದದ ಅಂಚಿಗೆ ತಂದು ನಿಲ್ಲಿಸುತ್ತದೆ. ಆದರೂ ಛಲ ಬಿಡುವುದಿಲ್ಲ. ಸಂಧಿ ಮಾಡಿಕೊಳ್ಳೆಂದು ಶರಶಯ್ಯೆಯ ಮೇಲಿನ ಭೀಷ್ಮ ಹೇಳಿದರೂ ಒಪ್ಪುವುದಿಲ್ಲ. ಕೊನೆಗೆ ವೈಶಂಪಾಯನ ಸರೋವರದ ತಳದಲ್ಲಿ ಅಡಗುತ್ತಾನೆ. ಭೀಮನ ಗರ್ಜನೆ ಕೇಳಿದಾಗ ನೀರಿನೊಳಗಿದ್ದೂ ಕೋಪದಿಂದ ಬೆವರುತ್ತಾನೆ. ಶ್ರೀಕಂಠಯ್ಯನವರು ಈ ಕಾವ್ಯದಲ್ಲಿದ್ದ ರುದ್ರನಾಟಕವನ್ನು ಗುರುತಿಸಿ 1926ರಲ್ಲಿ ‘ಗದಾಯುದ್ಧ ನಾಟಕ’ವನ್ನಾಗಿ ರೂಪಿಸಿದರು.

ಸರೋವರವೂ ಒಂದು ಗುಹೆಯೇ. ತಂಪಾದ ನೀರು ಹೊರಗಿನ ಶತ್ರುವಿನಿಂದ ಮರೆಮಾಡಬಲ್ಲದು, ಒಳಗಿನ ಉರಿಯನ್ನು ಆರಿಸಲಾರದು. ಗದಾಯುದ್ಧದ ಕಥೆಯಲ್ಲಿ ಇದಕ್ಕಿಂತಲೂ ತೀಕ್ಷ್ಣವಾದ ಇನ್ನೊಂದು ಸಂಕೇತವಿದೆ. ಅದು ತೊಡೆ. ತುಂಬಿದ ಸಭೆಯಲ್ಲಿ ದುರ್ಯೋಧನ ದ್ರೌಪದಿಗೆ ತೋರಿಸಿ ಅವಮಾನ ಮಾಡಿದುದು ಆ ತೊಡೆಯನ್ನು; ಭೀಮ ಮುರಿಯುತ್ತೇನೆಂದು ಪ್ರತಿಜ್ಞೆ ಮಾಡಿದುದು ಆ ತೊಡೆಯನ್ನು; ಕೊನೆಗೆ ಗದೆಯ ಏಟು ಬಿದ್ದುದೂ ಅದರ ಮೇಲೆಯೇ. ಅಂಕೋಲೆಯ ಗದ್ದೆಬಯಲಿನಲ್ಲಿ ಕುಳಿತ ಪ್ರೇಕ್ಷಕನಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ದುರ್ಯೋಧನ ತೊಡೆ ತಟ್ಟಿ ನಿಂತಾಗಲೇ ಅವನಿಗೆ ಹಿಂದಿನ ಸಭೆಯೂ ಮುಂದಿನ ಏಟೂ ಒಟ್ಟಿಗೆ ಕಾಣುತ್ತವೆ. ನಾಯಕನಿಗೆ ತಿಳಿಯದುದು ನೋಡುವವನಿಗೆ ತಿಳಿಯುವಂತೆ ಮಾಡುವುದೇ ಸಂಕೇತದ ಶಕ್ತಿ.

ಸಂಸ್ಕೃತ ಕವಿ ಭಾಸನ ‘ಊರುಭಂಗ’ ನಾಟಕದಲ್ಲಿ ಇದೇ ತೊಡೆ ಇನ್ನೂ ಒಂದು ಅರ್ಥವನ್ನು ಪಡೆಯುತ್ತದೆ. ತೊಡೆ ಮುರಿದು ಬಿದ್ದ ದುರ್ಯೋಧನನ ಬಳಿಗೆ ಅವನ ಪುಟ್ಟ ಮಗ ದುರ್ಜಯ ಓಡಿ ಬರುತ್ತಾನೆ. ದಿನವೂ ಕುಳಿತುಕೊಳ್ಳುತ್ತಿದ್ದಂತೆ ತಂದೆಯ ತೊಡೆಯನ್ನೇರಲು ಹೋಗುತ್ತಾನೆ. ತಂದೆ ತಡೆಯಬೇಕಾಗುತ್ತದೆ. ಅಹಂಕಾರದಿಂದ ಪರಸ್ತ್ರೀಗೆ ತೋರಿಸಿದ ತೊಡೆ ಈಗ ತನ್ನ ಮಗುವಿಗೂ ಆಸನವಾಗಲಾರದು. ಭಾಸನ ದುರ್ಯೋಧನನಿಗೆ ಆ ಗಳಿಗೆಯಲ್ಲಿ ಕಣ್ಣು ತೆರೆಯುತ್ತದೆ. ತನ್ನನ್ನು ಕಂಡಂತೆಯೇ ಪಾಂಡವರನ್ನೂ ಕಂಡು ಸೇವಿಸೆಂದು ಮಗನಿಗೆ ಹೇಳುತ್ತಾನೆ. ಹಗೆ ಅವನಲ್ಲಿ ಇಳಿಯುತ್ತದೆ. ಪಕ್ಕದಲ್ಲಿ ನಿಂತ ಅಶ್ವತ್ಥಾಮನಲ್ಲಿ ಏರುತ್ತದೆ. ಒಬ್ಬನ ಉನ್ಮಾದ ಮುಗಿಯುವ ಹೊತ್ತಿಗೆ ಇನ್ನೊಬ್ಬನದು ಆರಂಭವಾಗುತ್ತದೆ.

ಈ ನಾಟಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪ್ರತಿಯೊಬ್ಬ ನಾಯಕನ ಎದುರಿಗೂ ಒಂದು ಮಗು ನಿಂತಿದೆ. ಏಜಾಕ್ಸನ ಎದುರಿಗೆ ಗುರಾಣಿಯನ್ನು ಎತ್ತಲಾರದ ಮಗ. ಲಿಯರನ ಎದುರಿಗೆ ಹೊಗಳಲು ಬಾರದ ಮಗಳು. ದುರ್ಯೋಧನನ ಎದುರಿಗೆ ತೊಡೆಯನ್ನೇರಬಯಸುವ ಮಗ. ಕಾರವಾರದಲ್ಲಿ ಹುಟ್ಟಿದ ಸಂನ್ಯಾಸಿಯ ಎದುರಿಗೆ ತಂದೆಯೆಂದು ಕರೆಯುವ ಅನಾಥ ಬಾಲಕಿ. ಹಿರಿಯರ ಹಟ, ಮಾನ, ವ್ರತ, ಪ್ರತಿಜ್ಞೆಗಳ ಬೆಲೆಯನ್ನು ತೆರುವವರಲ್ಲಿ ಈ ಮಕ್ಕಳೂ ಇದ್ದಾರೆ. ಅವರು ಯಾವ ತಪ್ಪನ್ನೂ ಮಾಡಿದವರಲ್ಲ.

ಇವರಲ್ಲಿ ಲಿಯರನೂ ಸಂನ್ಯಾಸಿಯೂ ಒಬ್ಬರಿಗೊಬ್ಬರು ಬಹು ಹತ್ತಿರದವರು. ಒಬ್ಬನು ಪ್ರೀತಿಯನ್ನು ಅಳೆದು ಕೊಳ್ಳಬೇಕೆಂದನು. ಇನ್ನೊಬ್ಬನು ಪ್ರೀತಿಯೇ ಬೇಡವೆಂದನು. ಇಬ್ಬರೂ ಮಗಳನ್ನು ತೊರೆದರು. ಇಬ್ಬರೂ ಕಣ್ಣು ತೆರೆದು ಹಿಂದಿರುಗಿದರು. ಇಬ್ಬರಿಗೂ ಹೊತ್ತು ಮೀರಿತ್ತು. ಲಿಯರನ ಕಿರೀಟಕ್ಕೂ ಸಂನ್ಯಾಸಿಯ ದಂಡಕ್ಕೂ ಹೊರನೋಟಕ್ಕೆ ಎಷ್ಟೊಂದು ಅಂತರ! ಒಂದು ಎಲ್ಲವೂ ಇರುವುದರ ಗುರುತು, ಇನ್ನೊಂದು ಏನೂ ಇಲ್ಲದಿರುವುದರ ಗುರುತು. ಆದರೆ ಎರಡರ ಒಳಗೂ ಇದ್ದುದು ಒಂದೇ ಅಹಂಕಾರ. ಎಲ್ಲವನ್ನೂ ಪಡೆದೆನೆಂಬ ಹೆಮ್ಮೆಯಂತೆ ಎಲ್ಲವನ್ನೂ ಬಿಟ್ಟೆನೆಂಬ ಹೆಮ್ಮೆಯೂ ಮನುಷ್ಯನನ್ನು ಕುರುಡನನ್ನಾಗಿ ಮಾಡಬಲ್ಲದು.

ಹಾಗಾದರೆ ಮೊದಲು ಕೇಳಿದ ಪ್ರಶ್ನೆಗೆ ಉತ್ತರ ದೊರೆತಂತಾಯಿತು. ರುದ್ರನಾಟಕದ ನಾಯಕನಿಗೆ ಬುದ್ಧಿ ಕೆಡುವುದು ಅವನು ಕಿರುಚಾಡತೊಡಗಿದ ಗಳಿಗೆಯಲ್ಲಲ್ಲ. ಅದಕ್ಕಿಂತ ಬಹಳ ಮೊದಲು, ತನ್ನನ್ನು ಪ್ರೀತಿಸುವ ಒಂದು ಜೀವವನ್ನು ತನಗೆ ಬೇಡವೆಂದು ತಳ್ಳಿದ ಗಳಿಗೆಯಲ್ಲಿ. ಆಗ ಅವನ ಮುಖ ಶಾಂತವಾಗಿರಬಹುದು, ಮಾತು ತರ್ಕಬದ್ಧವಾಗಿರಬಹುದು, ಸುತ್ತಲಿನವರು ಕೈಮುಗಿಯಬಹುದು. ಆದರೂ ಅವನು ದಾರಿ ತಪ್ಪಿದ್ದಾನೆ. ಬಿರುಗಾಳಿಯಲ್ಲಿ ಅಲೆಯುವಾಗ, ದಂಡವನ್ನು ಮುರಿದು ಓಡುವಾಗ ಜನರು ಅವನನ್ನು ಹುಚ್ಚನೆನ್ನುತ್ತಾರೆ. ವಾಸ್ತವವಾಗಿ ಆಗ ಅವನು ಮನೆಯ ದಾರಿಯನ್ನು ಹಿಡಿದಿರುತ್ತಾನೆ. ಇಲ್ಲಿ ಒಂದು ಮಾತನ್ನು ಮರೆಯಬಾರದು. ರಂಗದ ಮೇಲಿನ ಈ ಉನ್ಮಾದ ಕವಿಗಳು ಕಟ್ಟಿದ ರೂಪಕ. ನಮ್ಮ ನಡುವೆ ಮನಸ್ಸಿನ ಕಾಯಿಲೆಯಿಂದ ನೊಂದವರು ತಪ್ಪು ಮಾಡಿ ಶಿಕ್ಷೆ ಉಣ್ಣುತ್ತಿರುವವರಲ್ಲ. ಅವರದು ದೇಹದ ಕಾಯಿಲೆಯಂಥದೇ ಕಾಯಿಲೆ; ಅದಕ್ಕೆ ಚಿಕಿತ್ಸೆಯೂ ಆದರವೂ ಬೇಕು.

ಕವಿ ತನ್ನ ನಾಟಕಕ್ಕೆ ‘ಪ್ರಕೃತಿಯ ಪ್ರತೀಕಾರ’ವೆಂದು ಹೆಸರಿಟ್ಟರು. ಆದರೆ ಈ ನಾಟಕದ ಪ್ರಕೃತಿ ಸಿಡಿಲನ್ನು ಕಳುಹಿಸಲಿಲ್ಲ, ಪ್ರವಾಹವನ್ನು ಕಳುಹಿಸಲಿಲ್ಲ. ಒಂದು ಮಗುವನ್ನು ಕಳುಹಿಸಿತು. ಗುಹೆಯ ಕತ್ತಲೆಯಲ್ಲಿ ಅನಂತವನ್ನು ಹುಡುಕುತ್ತಿದ್ದವನಿಗೆ, ಅನಂತವು ಒಂದು ಪುಟ್ಟ ಕೈಯಾಗಿ ಬಂದು ಅವನ ಕೈಯನ್ನು ಹಿಡಿಯಿತು. ಅವನು ಆ ಕೈಯನ್ನು ಕೊಡವಿಕೊಂಡನು. ಮಿತಿಯುಳ್ಳ ಸಣ್ಣ ಸಂಗತಿಗಳಲ್ಲಿಯೇ ಮಿತಿಯಿಲ್ಲದುದನ್ನು ಕಾಣುವ ಆನಂದ ತಮ್ಮ ಮುಂದಿನ ಬರವಣಿಗೆಗೆಲ್ಲ ಮೂಲವಾಯಿತೆಂದೂ, ಈ ನಾಟಕ ಅದಕ್ಕೆ ಪೀಠಿಕೆಯಂತಿದೆಯೆಂದೂ ರವೀಂದ್ರರು ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಕಾರವಾರದಿಂದ ಹಡಗಿನಲ್ಲಿ ಹಿಂದಿರುಗುವಾಗ ಅವರು ಈ ನಾಟಕಕ್ಕಾಗಿ ಕೆಲವು ಹಾಡುಗಳನ್ನು ಕಟ್ಟಿದರು. ಹಡಗಿನ ಅಟ್ಟದ ಮೇಲೆ ಕುಳಿತು, ಹಾಡುತ್ತಲೇ ಬರೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರ ವಿವಾಹವಾಯಿತು. ಸಂನ್ಯಾಸಿಯ ಕಥೆಯನ್ನು ಬರೆದ ತರುಣ ಸಂಸಾರದ ಬಾಗಿಲನ್ನು ಪ್ರವೇಶಿಸಿದರು.

ಕಾಳೀನದಿ ಇಂದಿಗೂ ಕಾರವಾರದ ಬಳಿ ಕಡಲನ್ನು ಸೇರುತ್ತಿದೆ. ಸಂಜೆಯಾದರೆ ಮಕ್ಕಳು ದಂಡೆಯ ಮೇಲೆ ಮರಳಿನಲ್ಲಿ ಗುಹೆಗಳನ್ನು ತೋಡಿ ಆಡುತ್ತಾರೆ. ಗುಹೆ ಮುಗಿಯುವಷ್ಟರಲ್ಲಿ ಒಂದು ಅಲೆ ಬಂದು ಅದನ್ನು ತುಂಬಿಬಿಡುತ್ತದೆ. ಮಕ್ಕಳು ಅಳುವುದಿಲ್ಲ, ನಕ್ಕು, ಕೈಹಿಡಿದು ಎಳೆಯುತ್ತ, ತಂದೆತಾಯಿಗಳನ್ನು ನೀರಿನ ಅಂಚಿಗೆ ಕರೆದೊಯ್ಯುತ್ತಾರೆ.